ಸೌತೆಯ ಬುಡ ಕೊಳೆ: ಬರಿದಾದ ಮಣ್ಣಿನ ರೋಗ

ಸೌತೆ ಬೆಳೆಗಾರರಿಗೆ ಸೊರಗು ರೋಗ ಹಳೆಯ ಪರಿಚಯ. ಫ್ಯುಸೇರಿಯಂ ಶಿಲೀಂಧ್ರವು ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿ, ಬಳ್ಳಿಯನ್ನು ಬಾಡಿಸುತ್ತದೆ ಎಂಬುದು 1955ರಲ್ಲೇ ಅಮೆರಿಕದ ಫ್ಲಾರಿಡಾದಿಂದ ವರದಿಯಾಗಿತ್ತು. 1989ರಲ್ಲಿ ಗ್ರೀಸಿನ ಕ್ರೀಟ್ ದ್ವೀಪದ ಹಸಿರುಮನೆಗಳಲ್ಲಿ ಕಂಡ ರೋಗದ ಚಹರೆ ಮಾತ್ರ ಬೇರೆಯಾಗಿತ್ತು. ಬೇರೂ ಬುಡವೂ ಕೊಳೆತು, ಕಾಂಡದ ಮೇಲೆ ಕಿತ್ತಳೆ ಛಾಯೆಯ ಬೂಷ್ಟು ಅಡರಿ, ಕಾಯಿ ಹಿಡಿಯುವ ಹೊತ್ತಿಗೆ ಗಿಡ ಕುಸಿಯುತ್ತಿತ್ತು. ಅಲ್ಲಿನ ಸಸ್ಯರೋಗ ತಜ್ಞ ವಕಲೂನಾಕಿಸ್ 1996ರಲ್ಲಿ ಇದನ್ನು ಫ್ಯುಸೇರಿಯಂ ಆಕ್ಸಿಸ್ಪೋರಂನ ಪ್ರತ್ಯೇಕ ರೂಪವೆಂದು ಗುರುತಿಸಿ, ‘ರಾಡಿಸಿಸ್-ಕುಕ್ಯುಮೆರಿನಂ’ ಎಂದು ಹೆಸರಿಟ್ಟರು. ಹೆಸರಿನ ಹಿಂದೆಯೇ ಎರಡು ಮುಖ್ಯ ಸಂಗತಿಗಳು ಸ್ಪಷ್ಟವಾದವು. ಸೊರಗು ರೋಗಕ್ಕೆ ಬೆಚ್ಚನೆಯ ಮಣ್ಣು ಬೇಕು. ಈ ಹೊಸ ಕೊಳೆರೋಗ 17–20 ಡಿಗ್ರಿಯ ತಂಪಿನಲ್ಲೇ ಹೆಚ್ಚು ಉಗ್ರ. ಜೊತೆಗೆ ಇದರ ಬೀಜಕಣಗಳು ಕಾಂಡದ ಹೊರಮೈ ಮೇಲೇ ಹುಟ್ಟುವುದರಿಂದ ಗಾಳಿಗೂ ತೂರಿಹೋಗಬಲ್ಲವು. ಮಣ್ಣಿನ ರೋಗವೆಂದು ಮಣ್ಣನ್ನಷ್ಟೇ ನೋಡಿಕೊಂಡರೆ ಸಾಲದು ಎಂಬ ಸೂಚನೆ ಆಗಲೇ ಸಿಕ್ಕಿತ್ತು.

ಆದರೆ ಆ ಕಾಲದ ಚಿಕಿತ್ಸೆಯೆಲ್ಲ ಮಣ್ಣನ್ನು ಸುಟ್ಟು ಶುದ್ಧಿ ಮಾಡುವ ನಂಬಿಕೆಯ ಮೇಲೆ ನಿಂತಿತ್ತು. ಹಬೆ ಹಾಯಿಸುವುದು, ಮೀಥೈಲ್ ಬ್ರೋಮೈಡ್ ಅನಿಲ ತುಂಬುವುದು, ಬುಡಕ್ಕೆ ಶಿಲೀಂಧ್ರನಾಶಕ ಸುರಿಯುವುದು. ಓಜೋನ್ ಪದರಕ್ಕೆ ಹಾನಿಯೆಂದು ಮೀಥೈಲ್ ಬ್ರೋಮೈಡನ್ನು 1992ರಲ್ಲಿ ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಮುಂದುವರಿದ ದೇಶಗಳಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ 2005ಕ್ಕೆ ಅದು ನಿಂತಿತು. ಅದನ್ನು ಕಳೆದುಕೊಂಡದ್ದೇ ನಷ್ಟ ಎನ್ನುವವರು ಇಂದಿಗೂ ಇದ್ದಾರೆ. ಜಂತುಹುಳು, ಕಳೆಬೀಜ, ಹಲವು ಶಿಲೀಂಧ್ರಗಳನ್ನು ಅದು ಒಂದೇ ಏಟಿಗೆ ಮುಗಿಸುತ್ತಿತ್ತು ಎಂಬುದು ನಿಜವೇ. ಆದರೆ ಅದು ವೈರಿಯ ಜೊತೆ ಕಾವಲುಗಾರರಾದ ಉಪಕಾರಿ ಜೀವಿಗಳನ್ನೂ ಕೊಲ್ಲುತ್ತಿತ್ತು. ಆಮೇಲೆ ಗಾಳಿಯಲ್ಲೋ ಸಸಿಯಲ್ಲೋ ಕೆಲಸದವರ ಕೈಯಲ್ಲೋ ಬಂದ ನಾಲ್ಕು ಬೀಜಕಣಗಳಿಗೆ ಇಡೀ ಮಡಿ ತೆರೆದ ಬಾಗಿಲು. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಅನುಭವ ಈ ವಾದಕ್ಕೆ ಬಲವಾದ ಸಾಕ್ಷಿ. ಅಲ್ಲಿನ ಹಸಿರುಮನೆಗಳಲ್ಲಿ ಸೌತೆ ಬೆಳೆಯುತ್ತಿದ್ದದ್ದು ಮರದ ಹೊಟ್ಟಿನಂಥ ಮಣ್ಣಿಲ್ಲದ ಮಾಧ್ಯಮದಲ್ಲಿ. ಮಣ್ಣೇ ಇಲ್ಲದ ಮೇಲೆ ಮಣ್ಣಿನ ರೋಗ ಎಲ್ಲಿಂದ ಎಂದು ಕೇಳಬೇಕಿದ್ದ ಜಾಗದಲ್ಲೇ 1990ರ ದಶಕದಲ್ಲಿ ಈ ಕೊಳೆರೋಗ ಬೇರೂರಿತು.

ತುಂಬಿದ ಮಣ್ಣೇ ರಕ್ಷೆ ಎಂಬ ಇನ್ನೊಂದು ವಿಚಾರಧಾರೆ ಸೌತೆಯಲ್ಲಿ ಹುಟ್ಟಿದ್ದಲ್ಲ, ಅದರ ದಾಯಾದಿ ಕರಬೂಜದಲ್ಲಿ. ಫ್ರಾನ್ಸಿನ ಶಾಟೊರನಾರ್ಡ್ ಎಂಬಲ್ಲಿನ ಮಣ್ಣಿನಲ್ಲಿ ಫ್ಯುಸೇರಿಯಂ ಇದ್ದರೂ ಕರಬೂಜದ ಬಳ್ಳಿ ಸೊರಗುತ್ತಿರಲಿಲ್ಲ. ಆ ಮಣ್ಣಿಗೆ ಹಬೆ ಕೊಟ್ಟರೆ ಆ ಗುಣ ಹೋಗುತ್ತಿತ್ತು. ಹಬೆ ಕಾಣದ ಅದೇ ಮಣ್ಣನ್ನು ಸ್ವಲ್ಪ ಬೆರೆಸಿದರೆ ಮರಳುತ್ತಿತ್ತು. ರೋಗ ತರದ ಫ್ಯುಸೇರಿಯಂ ತಳಿಗಳೇ ಅಲ್ಲಿ ಆಹಾರವನ್ನೂ ಬೇರಿನ ಜಾಗವನ್ನೂ ಮೊದಲೇ ಹಿಡಿದು ಕೂತಿದ್ದವು. ಇಸ್ರೇಲಿನ ಕತಾನ್ ಮತ್ತು ಸಂಗಡಿಗರು 1976ರಲ್ಲಿ ವಿವರಿಸಿದ ಸೌರೀಕರಣವನ್ನೂ ಈ ಬೆಳಕಿನಲ್ಲೇ ನೋಡಬೇಕು. ಒದ್ದೆ ಮಣ್ಣಿಗೆ ಪಾರದರ್ಶಕ ಹಾಳೆ ಹೊದಿಸಿ ವಾರಗಟ್ಟಲೆ ಬಿಸಿಲಿಗೆ ಬಿಟ್ಟರೆ ಹಲವು ರೋಗಕಾರಕಗಳು ಸಾಯುತ್ತವೆ, ಶಾಖ ತಾಳುವ ಉಪಕಾರಿ ಜೀವಿಗಳು ಉಳಿದು ಬೇಗ ಹಬ್ಬುತ್ತವೆ.

ಜೈವಿಕ ವಿಧಾನಗಳ ಫಲ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ ಎಂಬುದು ಇದಕ್ಕೆ ಬರುವ ಗಟ್ಟಿ ಆಕ್ಷೇಪಣೆ. ಒಪ್ಪಬೇಕಾದ ಮಾತೇ. ಆದರೆ ಬಹಳ ಸಲ ವೈಫಲ್ಯಕ್ಕೆ ಕಾರಣ ಸಮಯ. ಕೆನಡಾದ ಪ್ರಯೋಗಗಳಲ್ಲಿ ಗ್ಲಿಯೋಕ್ಲೇಡಿಯಂ ಶಿಲೀಂಧ್ರವೂ ಕೆಲವು ಕಾಂಪೋಸ್ಟುಗಳೂ ಈ ರೋಗವನ್ನು ತಗ್ಗಿಸಿದವು. ಆದರೆ ಇಂಥವು ಜಾಗ ಹಿಡಿಯಬೇಕಾದ್ದು ರೋಗ ಬರುವ ಮೊದಲು, ಸಸಿ ತಟ್ಟೆಯಲ್ಲೇ. ಬುಡ ಕೊಳೆತ ಮೇಲೆ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಸುರಿದು ಬೈಯುವುದು ನ್ಯಾಯವಲ್ಲ. ಈ ಎಲ್ಲಕ್ಕಿಂತ ಭರವಸೆಯದ್ದು ಕಸಿ. ರೋಗ ತಾಳುವ ಕುಂಬಳ ಜಾತಿಯ ಬೇರಿನ ಮೇಲೆ ಸೌತೆ ಕಟ್ಟುವ ಪದ್ಧತಿ ಕ್ರೀಟಿನ ಪ್ರಯೋಗಗಳಲ್ಲಿ ಚೆನ್ನಾಗಿ ಗೆದ್ದಿದೆ. ಸಸಿ ದುಬಾರಿ ಎನ್ನುವುದು ಸರಿ, ಆದರೆ ಹಾಗೆ ಕೊಂಡದ್ದನ್ನು ಕಸಿ ಗಂಟು ಮುಚ್ಚುವಷ್ಟು ಆಳಕ್ಕೆ ನೆಟ್ಟರೆ ಸೌತೆಯ ಕಾಂಡದಿಂದಲೇ ಬೇರು ಬಿಟ್ಟು ಹಣವೂ ಹೋಯಿತು, ರಕ್ಷೆಯೂ ಹೋಯಿತು.

ರಫ್ತಿನ ಮಿಡಿಸೌತೆಗೆ ಹೆಸರಾದ ಕರ್ನಾಟಕದಲ್ಲಿ ಆ ಬೆಳೆ ಬಯಲಿನದು, ಮಣ್ಣು ಬೆಚ್ಚಗಿನದು. ಕ್ರೀಟಿನ ತಂಪು ರೋಗಕ್ಕಿಂತ ಇಲ್ಲಿ ಸೊರಗು ರೋಗ ಮತ್ತು ಸಸಿ ಕೊಳೆಯ ಭಯ ಹೆಚ್ಚು. ಔಷಧದ ಪಟ್ಟಿಯನ್ನು ಅಲ್ಲಿಂದ ಎರವಲು ತರಬೇಕಿಲ್ಲ, ವಿಚಾರವನ್ನು ತರಬಹುದು. ನಮ್ಮಲ್ಲಿ ಮಾರ್ಚ್‌ನಿಂದ ಮೇವರೆಗಿನ ಬಿಸಿಲು ಪುಕ್ಕಟೆ ಸಿಗುತ್ತದೆ. ಬೇಸಿಗೆಯಲ್ಲಿ ಮಡಿಗೆ ಹಾಳೆ ಹೊದಿಸುವ ರೈತರು ಟ್ರೈಕೊಡರ್ಮಾ ಬೆರೆಸಿ ಹದಗೊಳಿಸಿದ ಕೊಟ್ಟಿಗೆ ಗೊಬ್ಬರವನ್ನು ಮೊದಲೇ ಸಿದ್ಧಮಾಡಿಕೊಳ್ಳಲಿ, ಹಾಳೆ ತೆಗೆದು ಮಣ್ಣು ಆರಿದೊಡನೆ ಸೇರಿಸಲಿ. ಮಡಿಯನ್ನು ಖಾಲಿ ಬಿಡಬೇಡಿ.