ಹಳೆಯ ನಾಣ್ಯಗಳ ದರ್ಜೆನಿರ್ಣಯ: ಟಿಪ್ಪುವಿನ ಕಾಸುಗಳನ್ನು ಕುರಿತು ಒಂದು ವಿಚಾರ

ದೇವನಹಳ್ಳಿಯು ಟಿಪ್ಪು ಸುಲ್ತಾನನ ಜನ್ಮಸ್ಥಳವೆಂಬುದು ಸರ್ವವಿದಿತ. ಅವನ ಆನೆಯ ಮುದ್ರೆಯ ತಾಮ್ರದ ಕಾಸುಗಳನ್ನು ಸಂಗ್ರಹಿಸುವವರ ಮುಂದೆ ಈಚೆಗೆ ಒಂದು ಪ್ರಶ್ನೆ ಬಂದಿದೆ: ಹಣ ತೆತ್ತು ವೃತ್ತಿಪರ ಸಂಸ್ಥೆಯಿಂದ ನಾಣ್ಯಕ್ಕೆ ದರ್ಜೆ ಪಡೆಯುವುದು ಸಾರ್ಥಕವೇ?

ಈ ಪದ್ಧತಿ ಅಮೆರಿಕದ್ದು. ಅಲ್ಲಿಯ ಹಳೆಯ ತಾಮ್ರದ ಸೆಂಟುಗಳಿಗಾಗಿ ವಿಲಿಯಂ ಶೆಲ್ಡನ್ 1949ರಲ್ಲಿ ಒಂದರಿಂದ ಎಪ್ಪತ್ತರವರೆಗಿನ ಮಾನವೊಂದನ್ನು ರೂಪಿಸಿದನು. 1986ರಿಂದ ಸಂಸ್ಥೆಗಳು ಆ ಮಾನದಂತೆ ದರ್ಜೆಯಿತ್ತು, ನಾಣ್ಯವನ್ನು ಪಾರದರ್ಶಕ ಪೆಟ್ಟಿಗೆಯಲ್ಲಿ ಮುದ್ರೆಮಾಡಿ ಕೊಡತೊಡಗಿದವು. 1991ರಲ್ಲಿ ಇದೇ ಏರ್ಪಾಡು ಕ್ರೀಡಾಪಟುಗಳ ಚಿತ್ರವಿರುವ ಕಾರ್ಡುಗಳಿಗೂ ವಿಸ್ತರಿಸಿತು.

ನಾಣ್ಯಪರೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. ಚಿನಿವಾರನು ಹೊನ್ನನ್ನು ಒರೆಗಲ್ಲಿಗೆ ತಿಕ್ಕಿ, ತೂಗಿ, ಸಾಚಾ ಎಂದು ಹೇಳುತ್ತಿದ್ದನು. ಪರೀಕ್ಷೆಗೊಂಡ ಬೆಳ್ಳಿಯ ನಾಣ್ಯದ ಮೇಲೆ ಸರಾಫರು ಚಿಕ್ಕ ಗುರುತನ್ನು ಒತ್ತುವುದೂ ಇತ್ತು. ಅಂದು ವಿಶ್ವಾಸದ ಸಾಕ್ಷಿಯಾಗಿದ್ದ ಆ ಗುರುತು ಇಂದಿನ ದರ್ಜೆಗಾರನ ಕಣ್ಣಿಗೆ ಬರಿಯ ಗಾಯ! ಚಿನಿವಾರನು ಅಳೆದದ್ದು ಲೋಹವನ್ನು. ಇವನು ಅಳೆಯುವುದು ಸವೆತವನ್ನು. ಸವೆತವಾದರೋ ಚರಿತ್ರಕಾರನಿಗೆ ದೋಷವಲ್ಲ, ಕಾಸು ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದುದರ ಪ್ರಮಾಣ.

ಟಿಪ್ಪುವಿನ ಕಾಸಿನಲ್ಲಿ ಮುಖ್ಯವಾದುದು ಟಂಕಸಾಲೆಯ ಹೆಸರು ಮತ್ತು ವರ್ಷ. 1787ರ ಸುಮಾರಿಗೆ ಅವನು ಮೌಲೂದಿ ಶಕವನ್ನು ಬಳಕೆಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. 1215 ಎಂಬುದು 5121 ಎಂದು ಕಾಣುತ್ತದೆ. ಇದನ್ನರಿಯದವನಿಗೆ ಎಷ್ಟು ಉಚ್ಚ ದರ್ಜೆಯ ಕಾಸು ದೊರೆತರೂ ಏನು ಫಲ? ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಹೈದರ್‌–ಟಿಪ್ಪು ನಾಣ್ಯಗಳ ಗ್ರಂಥವನ್ನು ಓದುವುದೇ ಮೇಲು. ಅಲ್ಲದೆ ಪೆಟ್ಟಿಗೆಯಲ್ಲಿ ಸೇರಿದ ನಾಣ್ಯವನ್ನು ತೂಗುವಂತಿಲ್ಲ.

ಹಾಗೆಂದು ಈ ವೃತ್ತಿ ನಿರರ್ಥಕವಲ್ಲ. ಹೈದರಿಯೆಂಬ ಎರಡು ರೂಪಾಯಿಯ ಬೆಳ್ಳಿಯ ನಾಣ್ಯದಂಥ ಬೆಲೆಬಾಳುವ ವಸ್ತುವನ್ನು ಕೊಳ್ಳುವವನು ಖೋಟಾ ಮಾಲಿಗೆ ಅಂಜಲೇಬೇಕು. ಅಲ್ಲಿ ತಜ್ಞನ ಮಾತಿಗೆ ತೆತ್ತ ಹಣ ವ್ಯರ್ಥವಲ್ಲ. ಸಾಧಾರಣ ಕಾಸಿಗಾದರೆ ಶುಲ್ಕವೇ ಬೆಲೆಯನ್ನು ಮೀರೀತು. ಇನ್ನೊಂದು ತೊಡಕು ಕಾನೂನಿನದು. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಆದ್ದರಿಂದ ಟಿಪ್ಪುವಿನ ಕಾಸು ಪರೀಕ್ಷೆಗೆಂದು ಅಮೆರಿಕಕ್ಕೆ ಹೋಗುವ ಮಾತೇ ಇಲ್ಲ.

ಯಾವ ದರ್ಜೆಯೂ ಹೇಳದ ಸಂಗತಿಯೊಂದಿದೆ, ಅದು ದೊರೆತ ನೆಲೆ. ಅಗಸ್ಟಸ್, ಟೈಬೀರಿಯಸ್ ಮುಂತಾದ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಯೂರೋಪಿನಲ್ಲಿ ಧಾರಾಳ. ಆದರೆ ಯಶವಂತಪುರದ ಮಣ್ಣಿನಲ್ಲಿ ಸಿಕ್ಕಿದ ಅಂಥವು ಈ ಸೀಮೆಯ ಪ್ರಾಚೀನ ವ್ಯಾಪಾರಕ್ಕೇ ಆಧಾರವಾದವು. ಹೊಸಕೋಟೆಯ ಹೊಲದಲ್ಲಾಗಲಿ ನೆಲಮಂಗಲದ ಕೆರೆಯಂಗಳದಲ್ಲಾಗಲಿ ಕಾಸು ಕಂಡ ವಿದ್ಯಾರ್ಥಿಯು ಅದನ್ನು ಉಜ್ಜದೆ, ಸ್ಥಳವನ್ನೂ ಆಳವನ್ನೂ ಗುರುತುಹಾಕಿಕೊಂಡು, ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು.