ಕರ್ನಾಟಕದಲ್ಲಿ ಮನೆ ಮನೆ ಚುನಾವಣಾ ಪ್ರಚಾರ ಮತ್ತು ಮಹಿಳಾ ಮತದಾರರು

ಮನೆ ಮನೆ ಪ್ರಚಾರವು ಅಭ್ಯರ್ಥಿಗಳು ಅಥವಾ ಅವರ ಪರವಾಗಿ ಕಾರ್ಯಕರ್ತರು ಮತದಾರರ ಮನೆಗಳಿಗೆ ತೆರಳಿ ನೇರವಾಗಿ ಮತ ಯಾಚಿಸುವ ಚುನಾವಣಾ ಪ್ರಚಾರ ವಿಧಾನವಾಗಿದೆ. ಬಹಿರಂಗ ಸಭೆ, ಮೆರವಣಿಗೆ ಮತ್ತು ರೋಡ್ ಶೋಗಳಿಗೆ ಬರಲಾಗದ ಮಹಿಳೆಯರನ್ನು ರಾಜಕೀಯ ಪಕ್ಷಗಳು ಮುಖ್ಯವಾಗಿ ತಲುಪುವುದು ಈ ವಿಧಾನದಿಂದಲೇ. ಮನೆ ಬಾಗಿಲಲ್ಲಿ ಮಹಿಳೆಯನ್ನು ಸ್ವತಂತ್ರ ಮತದಾರಳಾಗಿ ಕಾಣಲಾಗುತ್ತದೆಯೇ ಅಥವಾ ಕುಟುಂಬದ ಮತಗಳ ಒಂದು ಭಾಗವಾಗಿ ಎಣಿಸಲಾಗುತ್ತದೆಯೇ ಎಂಬುದು ಈ ವಿಷಯದ ಚರ್ಚೆಯಲ್ಲಿ ಮೂಲಭೂತ ಪ್ರಶ್ನೆಯಾಗಿದೆ. 2023ರ ಕರ್ನಾಟಕ ವಿಧಾನಸಭಾ ಚುನಾವಣೆಯ ವೇಳೆಗೆ ರಾಜ್ಯದಲ್ಲಿದ್ದ ಸುಮಾರು 5.31 ಕೋಟಿ ಮತದಾರರಲ್ಲಿ ಸುಮಾರು 2.64 ಕೋಟಿ ಮಂದಿ ಮಹಿಳೆಯರಾಗಿದ್ದರು.

ಹಿನ್ನೆಲೆ

ಇಂದಿನ ಕರ್ನಾಟಕದ ಪ್ರದೇಶಗಳು ಸ್ವಾತಂತ್ರ್ಯಪೂರ್ವದಲ್ಲಿ ಬೇರೆ ಬೇರೆ ಆಡಳಿತಗಳಿಗೆ ಒಳಪಟ್ಟಿದ್ದವು. ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳಲ್ಲಿ 1921ರಲ್ಲಿ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಆದರೆ ಆಸ್ತಿಯ ಅರ್ಹತೆಯ ಕಾರಣ ಬಹುಪಾಲು ಮಹಿಳೆಯರು ಅದರಿಂದ ಹೊರಗುಳಿದರು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ವಿಧಾನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಿಂದ ಸೋತರು. ಅವರ ಪರ ಪ್ರಚಾರದಲ್ಲಿ ಮಾರ್ಗರೆಟ್ ಕಸಿನ್ಸ್ ಭಾಗವಹಿಸಿದ್ದರು.

ಸಾರ್ವತ್ರಿಕ ವಯಸ್ಕ ಮತಾಧಿಕಾರದ ಆಧಾರದಲ್ಲಿ ನಡೆದ ಮೊದಲ ಮಹಾಚುನಾವಣೆಗೆ (1951–52) ಮತದಾರರ ಪಟ್ಟಿಯನ್ನು ಮನೆ ಮನೆ ಭೇಟಿಯ ಮೂಲಕ ಸಿದ್ಧಪಡಿಸಲಾಯಿತು. ಆಗ ಅನೇಕ ಮಹಿಳೆಯರು ತಮ್ಮ ಹೆಸರನ್ನು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ನಮೂದಾಗಿದ್ದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಇಂತಹ ನಮೂದುಗಳನ್ನು ಒಪ್ಪಲಿಲ್ಲ. ಪರಿಣಾಮವಾಗಿ ದೇಶದಾದ್ಯಂತ ಸುಮಾರು 28 ಲಕ್ಷ ಮಹಿಳೆಯರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಇವುಗಳಲ್ಲಿ ಹೆಚ್ಚಿನವು ಉತ್ತರ ಮತ್ತು ಮಧ್ಯ ಭಾರತದ ರಾಜ್ಯಗಳವು. ಮತ ಚಲಾಯಿಸಬೇಕಾದರೆ ಮಹಿಳೆಗೆ ಪಟ್ಟಿಯಲ್ಲಿ ತನ್ನದೇ ಹೆಸರಿರಬೇಕು ಎಂಬ ತತ್ವ ಇದರಿಂದ ಸ್ಥಿರಗೊಂಡಿತು.

1962ರ ಲೋಕಸಭಾ ಚುನಾವಣೆಯಲ್ಲಿ ದೇಶದ ಪುರುಷರ ಮತದಾನ ಪ್ರಮಾಣ ಶೇ. 63.31 ಇದ್ದರೆ ಮಹಿಳೆಯರದು ಶೇ. 46.63 ಆಗಿತ್ತು. ಈ ಅಂತರ ಕ್ರಮೇಣ ಕುಗ್ಗಿ, 2019ರಲ್ಲಿ ಮೊದಲ ಬಾರಿಗೆ ಮಹಿಳೆಯರ ಪ್ರಮಾಣ (ಶೇ. 67.18) ಪುರುಷರ ಪ್ರಮಾಣವನ್ನು (ಶೇ. 67.01) ಮೀರಿತು. ಮಹಿಳೆಯರನ್ನು ಪ್ರತ್ಯೇಕ ಮತದಾರ ಸಮೂಹವೆಂದು ಪರಿಗಣಿಸಿ ಪಕ್ಷಗಳು ಪ್ರಚಾರ ರೂಪಿಸತೊಡಗಿದ್ದಕ್ಕೆ ಈ ಬದಲಾವಣೆಯೂ ಒಂದು ಕಾರಣ.

ಪ್ರಚಾರದ ಸ್ವರೂಪ

ಪಕ್ಷಗಳು ಮತದಾರರ ಪಟ್ಟಿಯನ್ನು ಮತಗಟ್ಟೆವಾರು ವಿಂಗಡಿಸಿ, ಪ್ರತಿ ಓಣಿ ಅಥವಾ ವಾರ್ಡಿಗೆ ಕಾರ್ಯಕರ್ತರ ತಂಡಗಳನ್ನು ನೇಮಿಸುತ್ತವೆ. ಪಟ್ಟಿಯು ಮನೆ ಸಂಖ್ಯೆಯ ಕ್ರಮದಲ್ಲಿರುವುದರಿಂದ ಒಂದು ಮನೆಯಲ್ಲಿ ಎಷ್ಟು ಮತಗಳಿವೆ ಎಂಬುದು ತಂಡಕ್ಕೆ ಮೊದಲೇ ತಿಳಿದಿರುತ್ತದೆ. ಈ ಲೆಕ್ಕಾಚಾರದಿಂದಲೇ ‘ಮನೆಯ ಮತ’ ಎಂಬ ಕಲ್ಪನೆ ಬೆಳೆದಿದೆ. ಬಾಗಿಲು ತೆರೆದ ಮಹಿಳೆಯನ್ನು ಬಿಟ್ಟು ಯಜಮಾನರನ್ನು ವಿಚಾರಿಸುವುದು, ಹಿರಿಯ ಪುರುಷನೊಬ್ಬನ ಮಾತನ್ನೇ ಇಡೀ ಕುಟುಂಬದ ಒಪ್ಪಿಗೆಯೆಂದು ಬರೆದುಕೊಳ್ಳುವುದು ಇದರ ಸಾಮಾನ್ಯ ರೂಪಗಳು.

ಇದಕ್ಕೆ ಪರಿಹಾರವಾಗಿ ಪಕ್ಷಗಳು ತಮ್ಮ ಮಹಿಳಾ ಘಟಕಗಳ ಕಾರ್ಯಕರ್ತೆಯರನ್ನು ಪ್ರತ್ಯೇಕವಾಗಿ ಕಳುಹಿಸುತ್ತವೆ. ಅಭ್ಯರ್ಥಿಯ ಪತ್ನಿ, ತಾಯಿ ಅಥವಾ ಸೊಸೆ ಮನೆಯೊಳಗೆ ಹೋಗಿ ಮಹಿಳೆಯರೊಂದಿಗೆ ಮಾತನಾಡುವುದೂ ರೂಢಿಯಲ್ಲಿದೆ. ಅರಿಶಿನ–ಕುಂಕುಮ ನೀಡುವುದು, ಉಡಿ ತುಂಬುವುದು, ಅಭ್ಯರ್ಥಿಗೆ ಆರತಿ ಬೆಳಗುವುದು ಮುಂತಾದ ಆಚರಣೆಗಳು ಪ್ರಚಾರದೊಂದಿಗೆ ಬೆರೆಯುತ್ತವೆ. ಇವು ತಮ್ಮಷ್ಟಕ್ಕೆ ಅಪರಾಧವಲ್ಲ. ಆದರೆ ಉಡಿಯಲ್ಲಿ ಸೀರೆ, ಆರತಿ ತಟ್ಟೆಯಲ್ಲಿ ಹಣ ಸೇರಿದಾಗ ಮರ್ಯಾದೆಯ ಆಚರಣೆಗೂ ಆಮಿಷಕ್ಕೂ ಇರುವ ಗಡಿ ದಾಟಿದಂತಾಗುತ್ತದೆ. ಸಂಪ್ರದಾಯದ ಹೆಸರಿನಲ್ಲಿ ಬಂದ ವಸ್ತುವನ್ನು ನಿರಾಕರಿಸುವುದು ಮಹಿಳೆಗೆ ಸಾಮಾಜಿಕವಾಗಿ ಕಷ್ಟವಾಗುವುದರಿಂದ ಇಂತಹ ಕೊಡುಗೆಗಳ ಒತ್ತಡವೂ ಹೆಚ್ಚಾಗಿರುತ್ತದೆ.

ಕಾನೂನು ಚೌಕಟ್ಟು

1951ರ ಪ್ರಜಾಪ್ರತಿನಿಧಿ ಕಾಯ್ದೆಯು ಮನೆ ಮನೆ ಪ್ರಚಾರವನ್ನು ನಿಷೇಧಿಸುವುದಿಲ್ಲ. ಮತದಾನ ಮುಕ್ತಾಯಕ್ಕೆ ಮುಂಚಿನ 48 ಗಂಟೆಗಳಲ್ಲಿ ಕಾಯ್ದೆಯ 126ನೇ ಪ್ರಕರಣದ ಪ್ರಕಾರ ಬಹಿರಂಗ ಸಭೆ ಮತ್ತು ಮೆರವಣಿಗೆಗಳಿಗೆ ನಿರ್ಬಂಧವಿರುತ್ತದೆ. ಆ ಅವಧಿಯಲ್ಲಿಯೂ ಶಾಂತಿಯುತ ಮನೆ ಭೇಟಿಗೆ ಅವಕಾಶವಿರುವುದರಿಂದ ಕೊನೆಯ ಎರಡು ದಿನಗಳಲ್ಲಿ ಪ್ರಚಾರವೆಲ್ಲ ಮನೆ ಬಾಗಿಲಿಗೆ ಸರಿಯುತ್ತದೆ. ಆಮಿಷದ ದೂರುಗಳು ಈ ಅವಧಿಯಲ್ಲೇ ಹೆಚ್ಚಾಗಿ ಕೇಳಿಬರುತ್ತವೆ. ಸಂಬಂಧಿಸಿದ ಇತರ ನಿಯಮಗಳು ಹೀಗಿವೆ:

• 123(1)ನೇ ಪ್ರಕರಣದಂತೆ ಮತಕ್ಕಾಗಿ ಹಣ ಅಥವಾ ಉಡುಗೊರೆ ನೀಡುವುದು ಭ್ರಷ್ಟ ಆಚರಣೆಯಾಗುತ್ತದೆ.
• 123(2)ನೇ ಪ್ರಕರಣವು ಅನುಚಿತ ಪ್ರಭಾವವನ್ನು ನಿಷೇಧಿಸುತ್ತದೆ. ನಿರ್ದಿಷ್ಟ ರೀತಿಯಲ್ಲಿ ಮತ ಹಾಕಿದರೆ ಅಥವಾ ಹಾಕದಿದ್ದರೆ ದೈವಕೋಪಕ್ಕೆ ಗುರಿಯಾಗುವಿರಿ ಎಂದು ನಂಬಿಸುವುದೂ ಇದರಲ್ಲಿ ಸೇರುತ್ತದೆ. ಭಂಡಾರ ಮುಟ್ಟಿಸಿ ಅಥವಾ ದೇವರ ಚಿತ್ರದ ಮುಂದೆ ಆಣೆ ಮಾಡಿಸಿ ಮತ ಕೇಳುವುದು ಈ ನಿಯಮದ ವ್ಯಾಪ್ತಿಗೆ ಬರಬಹುದು.
• 127ಎ ಪ್ರಕರಣದಂತೆ ಕರಪತ್ರದ ಮೇಲೆ ಮುದ್ರಕ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕು.
• 130ನೇ ಪ್ರಕರಣದಂತೆ ಮತದಾನದ ದಿನ ಮತಗಟ್ಟೆಯ 100 ಮೀಟರ್ ವ್ಯಾಪ್ತಿಯಲ್ಲಿ ಮತಯಾಚನೆ ಮಾಡುವಂತಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 170 ಮತ್ತು 171ನೇ ಪ್ರಕರಣಗಳು ಚುನಾವಣಾ ಲಂಚ ಮತ್ತು ಅನುಚಿತ ಪ್ರಭಾವವನ್ನು ಅಪರಾಧಗಳೆಂದು ವ್ಯಾಖ್ಯಾನಿಸುತ್ತವೆ. ಲಂಚ ಪಡೆಯುವುದೂ ಅಪರಾಧವೇ. ಮಾದರಿ ನೀತಿ ಸಂಹಿತೆಯು ಪ್ರತಿಯೊಬ್ಬ ವ್ಯಕ್ತಿಯ ಶಾಂತಿಯುತ ಗೃಹಜೀವನದ ಹಕ್ಕನ್ನು ಗೌರವಿಸಬೇಕೆಂದು ಪಕ್ಷಗಳಿಗೆ ಸೂಚಿಸುತ್ತದೆ. ಅನುಮತಿಯಿಲ್ಲದೆ ಮನೆಯ ಗೋಡೆಗೆ ಭಿತ್ತಿಪತ್ರ ಅಂಟಿಸುವುದು, ಧ್ವಜ ಕಟ್ಟುವುದು ಸಂಹಿತೆಗೆ ವಿರುದ್ಧ. ಪಕ್ಷಗಳು ಹಂಚುವ ಮತದಾರರ ಚೀಟಿಗಳು ಬಿಳಿ ಹಾಳೆಯಲ್ಲಿದ್ದು, ಅವುಗಳಲ್ಲಿ ಚಿಹ್ನೆಯಾಗಲಿ ಅಭ್ಯರ್ಥಿಯ ಹೆಸರಾಗಲಿ ಇರಬಾರದು.

ಕೋವಿಡ್ ಸಾಂಕ್ರಾಮಿಕದ ಸಂದರ್ಭದಲ್ಲಿ, 2020ರ ಆಗಸ್ಟ್‌ನಲ್ಲಿ, ಚುನಾವಣಾ ಆಯೋಗವು ಮನೆ ಮನೆ ಪ್ರಚಾರದ ತಂಡವನ್ನು ಅಭ್ಯರ್ಥಿಯೂ ಸೇರಿ ಐದು ಜನರಿಗೆ ಸೀಮಿತಗೊಳಿಸಿತ್ತು.

ಕೊಡುಗೆ, ಭರವಸೆ ಮತ್ತು ಗ್ಯಾರಂಟಿ ಕಾರ್ಡ್

2023ರ ವಿಧಾನಸಭಾ ಚುನಾವಣೆಯ ವೇಳೆ ಕರ್ನಾಟಕದಲ್ಲಿ ಒಟ್ಟು ಸುಮಾರು 375 ಕೋಟಿ ರೂಪಾಯಿ ಮೌಲ್ಯದ ನಗದು, ಮದ್ಯ, ಚಿನ್ನ–ಬೆಳ್ಳಿ, ಮಾದಕ ವಸ್ತು ಮತ್ತು ಉಡುಗೊರೆಗಳನ್ನು ವಶಪಡಿಸಿಕೊಳ್ಳಲಾಯಿತು. 2018ರಲ್ಲಿ ಈ ಮೊತ್ತ ಸುಮಾರು 84 ಕೋಟಿ ರೂಪಾಯಿಯಾಗಿತ್ತು. ಸೀರೆ, ಕುಕ್ಕರ್ ಮುಂತಾದ ಗೃಹೋಪಯೋಗಿ ವಸ್ತುಗಳು ಮಹಿಳೆಯರನ್ನು ಉದ್ದೇಶಿಸಿದ ಕೊಡುಗೆಗಳಲ್ಲಿ ಪ್ರಮುಖವಾಗಿವೆ.

ಅದೇ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಸಿದ್ದರಾಮಯ್ಯ ಮತ್ತು ಡಿ. ಕೆ. ಶಿವಕುಮಾರ್ ಅವರ ಸಹಿಯುಳ್ಳ ‘ಗ್ಯಾರಂಟಿ ಕಾರ್ಡ್’ಗಳನ್ನು ಮನೆ ಮನೆಗೆ ಹಂಚಿತು. ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ‘ಗೃಹಲಕ್ಷ್ಮಿ’ ಭರವಸೆಯನ್ನು 2023ರ ಜನವರಿ 16ರಂದು ಬೆಂಗಳೂರಿನ ‘ನಾ ನಾಯಕಿ’ ಸಮಾವೇಶದಲ್ಲಿ ಪ್ರಕಟಿಸಲಾಗಿತ್ತು. ಪಕ್ಷ ಅಧಿಕಾರಕ್ಕೆ ಬಂದ ಮೇಲೆ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಜೂನ್ 11ರಂದೂ, ‘ಗೃಹಲಕ್ಷ್ಮಿ’ ಆಗಸ್ಟ್ 30ರಂದೂ ಆರಂಭವಾದವು. ಯಜಮಾನಿಯ ಹೆಸರಿನಲ್ಲಿಯೇ ಭರವಸೆ ಬಂದುದರಿಂದ ಪ್ರಚಾರಕರು ಮಹಿಳೆಯೊಂದಿಗೇ ಮಾತನಾಡಬೇಕಾಯಿತು ಎಂಬುದು ಒಂದು ವಾದ. ಇದು ಮಹಿಳೆಯನ್ನು ಫಲಾನುಭವಿಯ ಸ್ಥಾನಕ್ಕೆ ಸೀಮಿತಗೊಳಿಸುತ್ತದೆ ಎಂಬುದು ಅದಕ್ಕೆ ಪ್ರತಿಯಾದ ವಾದ.

ಎಸ್. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ (2013) ಸರ್ವೋಚ್ಚ ನ್ಯಾಯಾಲಯವು, ಪ್ರಣಾಳಿಕೆಯ ಭರವಸೆಗಳು 123ನೇ ಪ್ರಕರಣದಡಿ ಭ್ರಷ್ಟ ಆಚರಣೆಯಾಗುವುದಿಲ್ಲವೆಂದು ಹೇಳಿತು. ಆದರೂ ಅವು ಮುಕ್ತ ಚುನಾವಣೆಯ ಮೇಲೆ ಪ್ರಭಾವ ಬೀರುತ್ತವೆಂದು ಗುರುತಿಸಿ, ಮಾರ್ಗಸೂಚಿ ರೂಪಿಸಲು ಆಯೋಗಕ್ಕೆ ಸೂಚಿಸಿತು. 2024ರ ಮೇ 2ರಂದು ಆಯೋಗವು, ಸಮೀಕ್ಷೆಯ ನೆಪದಲ್ಲಿ ಮತದಾರರ ವಿವರ ಪಡೆದು ಚುನಾವಣೋತ್ತರ ಯೋಜನೆಗಳಿಗೆ ನೋಂದಾಯಿಸುವುದನ್ನು ನಿಲ್ಲಿಸುವಂತೆ ಎಲ್ಲ ಪಕ್ಷಗಳಿಗೆ ಸೂಚನೆ ನೀಡಿತು. ಸಾಮಾನ್ಯ ಭರವಸೆ ಸಮ್ಮತವಾದರೂ ವೈಯಕ್ತಿಕ ನೋಂದಣಿಯು ಮತಕ್ಕೆ ಪ್ರತಿಫಲದಂತೆ ತೋರುತ್ತದೆ ಎಂಬುದು ಆಯೋಗದ ನಿಲುವು.

ಮಾಹಿತಿ ಸಂಗ್ರಹ ಮತ್ತು ಖಾಸಗಿತನ

ಮನೆಗೆ ಬರುವವರೆಲ್ಲ ಪ್ರಚಾರಕರಲ್ಲ. ಮತಗಟ್ಟೆ ಮಟ್ಟದ ಅಧಿಕಾರಿಗಳು ಪಟ್ಟಿ ಪರಿಷ್ಕರಣೆಗೆ ಹಾಗೂ ಮತದಾರರ ಮಾಹಿತಿ ಚೀಟಿ ವಿತರಣೆಗೆ ಭೇಟಿ ನೀಡುತ್ತಾರೆ. ಹಲವೆಡೆ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಈ ಹೊಣೆ ಹೊತ್ತಿರುತ್ತಾರೆ. ಈ ಅಧಿಕಾರಿಗಳು ಯಾವ ಪಕ್ಷದ ಪರವಾಗಿಯೂ ಮತ ಕೇಳುವಂತಿಲ್ಲ.

ಈ ಎರಡರ ನಡುವಿನ ಗೊಂದಲದ ಅಪಾಯ 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದಿತು. ಮತದಾರರ ಜಾಗೃತಿಗೆ ಅನುಮತಿ ಪಡೆದಿದ್ದ ಚಿಲುಮೆ ಎಂಬ ಸರ್ಕಾರೇತರ ಸಂಸ್ಥೆಯ ಸಿಬ್ಬಂದಿ, ಮತಗಟ್ಟೆ ಅಧಿಕಾರಿಗಳೆಂಬ ಗುರುತಿನೊಂದಿಗೆ ಮನೆ ಮನೆಗೆ ತೆರಳಿ ವೈಯಕ್ತಿಕ ಮಾಹಿತಿ ಸಂಗ್ರಹಿಸಿದ ಆರೋಪ ಎದುರಾಯಿತು. ಅನುಮತಿಯನ್ನು ಹಿಂಪಡೆಯಲಾಯಿತು, ಪೊಲೀಸ್ ತನಿಖೆ ನಡೆಯಿತು. ಆಯೋಗವು ಶಿವಾಜಿನಗರ, ಚಿಕ್ಕಪೇಟೆ ಮತ್ತು ಮಹದೇವಪುರ ಕ್ಷೇತ್ರಗಳ ಪಟ್ಟಿಗಳನ್ನು ಮರುಪರಿಶೀಲಿಸಲು ಆದೇಶಿಸಿತು. ಹಗಲಿನಲ್ಲಿ ಮನೆಯಲ್ಲಿ ಹೆಚ್ಚಾಗಿ ಇರುವವರು ಮಹಿಳೆಯರಾದ್ದರಿಂದ ಆಧಾರ್ ಸಂಖ್ಯೆ, ದೂರವಾಣಿ ಸಂಖ್ಯೆ, ಜಾತಿ ಮುಂತಾದ ಪ್ರಶ್ನೆಗಳನ್ನು ಮೊದಲು ಎದುರಿಸುವವರೂ ಅವರೇ ಆಗಿರುತ್ತಾರೆ. ಪಕ್ಷದ ಕಾರ್ಯಕರ್ತರಿಗೆ ಇಂತಹ ವಿವರ ನೀಡಬೇಕೆಂಬ ಕಡ್ಡಾಯವಿಲ್ಲ.

ಜಮಖಂಡಿ ಮತ್ತು ನೆರೆಯ ಕ್ಷೇತ್ರಗಳು

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ತೇರದಾಳ, ಮುಧೋಳ ಮತ್ತು ಬೀಳಗಿ ವಿಧಾನಸಭಾ ಕ್ಷೇತ್ರಗಳು ಬಾಗಲಕೋಟೆ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ತುಬಚಿಯಂತಹ ಕೃಷ್ಣಾ ತೀರದ ಗ್ರಾಮಗಳಲ್ಲಿ ಕಬ್ಬಿನ ಕೃಷಿಯೂ, ರಬಕವಿ–ಬನಹಟ್ಟಿಯಲ್ಲಿ ನೇಕಾರಿಕೆಯೂ ಪ್ರಧಾನವಾಗಿವೆ. ಹೊಲದ ಕೆಲಸಕ್ಕೆ ಹೋಗುವ ಮಹಿಳೆಯರು ಸಂಜೆಯಷ್ಟೇ ಮನೆಯಲ್ಲಿ ಸಿಗುತ್ತಾರೆ. ನೇಕಾರ ಕುಟುಂಬಗಳಲ್ಲಿ ಮನೆಯೇ ದುಡಿಮೆಯ ಜಾಗವಾಗಿರುವುದರಿಂದ ಪ್ರಚಾರಕರ ಭೇಟಿ ಕೆಲಸದ ನಡುವೆಯೇ ನಡೆಯುತ್ತದೆ.

ಈ ಭಾಗದಲ್ಲಿ ಮಹಿಳೆಯರು ಅಭ್ಯರ್ಥಿಗಳಾಗಿಯೂ ಮನೆ ಬಾಗಿಲಿಗೆ ಬಂದಿದ್ದಾರೆ. ನಟಿ ಉಮಾಶ್ರೀ ಅವರು 2013ರಲ್ಲಿ ತೇರದಾಳದಿಂದ ಆಯ್ಕೆಯಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆಯಾದರು. ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ 2019ರಲ್ಲಿ ವೀಣಾ ಕಾಶಪ್ಪನವರ, 2024ರಲ್ಲಿ ಸಂಯುಕ್ತಾ ಪಾಟೀಲ ಕಾಂಗ್ರೆಸ್ ಅಭ್ಯರ್ಥಿಗಳಾಗಿದ್ದರು. ಎರಡೂ ಬಾರಿ ಬಿಜೆಪಿಯ ಪಿ. ಸಿ. ಗದ್ದಿಗೌಡರ ಜಯಗಳಿಸಿದರು.

ಗ್ರಾಮ ಪಂಚಾಯಿತಿ ಚುನಾವಣೆಗಳು ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಅಲ್ಲಿ ಮನೆ ಮನೆ ಪ್ರಚಾರವೇ ಮುಖ್ಯ ಸಾಧನ. 1983ರ ಕಾಯ್ದೆಯ ಮೂಲಕ ಕರ್ನಾಟಕವು ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ. 25 ಮೀಸಲಾತಿ ನೀಡಿತು. ಇದರಡಿ 1987ರಲ್ಲಿ ಚುನಾವಣೆ ನಡೆಯಿತು. ಪಂಚಾಯಿತಿಗಳಲ್ಲಿ ಈ ಪ್ರಮಾಣವನ್ನು 2010ರಲ್ಲಿ ಶೇ. 50ಕ್ಕೆ ಏರಿಸಲಾಯಿತು. ಮೀಸಲು ಸ್ಥಾನಗಳಲ್ಲಿಯೂ ಅಭ್ಯರ್ಥಿಯ ಬದಲು ಆಕೆಯ ಪತಿಯೇ ಮತ ಕೇಳುವುದು ಟೀಕೆಗೆ ಗುರಿಯಾಗಿದೆ.

ಮಹಿಳೆಯರ ಕುರಿತ ಹೇಳಿಕೆಗಳು

2024ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ದಾವಣಗೆರೆಯ ಬಿಜೆಪಿ ಅಭ್ಯರ್ಥಿ ಗಾಯತ್ರಿ ಸಿದ್ದೇಶ್ವರ ಅವರು ಅಡುಗೆ ಮಾಡಲಷ್ಟೇ ಯೋಗ್ಯರು ಎಂಬರ್ಥದಲ್ಲಿ ಕಾಂಗ್ರೆಸ್ ಹಿರಿಯ ನಾಯಕ ಶಾಮನೂರು ಶಿವಶಂಕರಪ್ಪ ನೀಡಿದ ಹೇಳಿಕೆ ವ್ಯಾಪಕ ಖಂಡನೆಗೆ ಒಳಗಾಯಿತು. ಆ ಕ್ಷೇತ್ರದಲ್ಲಿ ಗೆದ್ದವರು ಮತ್ತೊಬ್ಬ ಮಹಿಳೆ, ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್. ಇತರ ರಾಜ್ಯಗಳಲ್ಲಿಯೂ ಇಂತಹ ಘಟನೆಗಳು ನಡೆದವು. ಮಹಿಳೆಯರ ಘನತೆಗೆ ಕುಂದು ತರುವ ಹೇಳಿಕೆಗಳಿಗಾಗಿ ಆಯೋಗವು ಅದೇ ವರ್ಷ ಬಿಜೆಪಿಯ ದಿಲೀಪ್ ಘೋಷ್ ಮತ್ತು ಕಾಂಗ್ರೆಸ್ಸಿನ ಸುಪ್ರಿಯಾ ಶ್ರೀನೇತ್ ಅವರನ್ನು ಖಂಡಿಸಿತು. 2023ರಲ್ಲಿ ಕರ್ನಾಟಕ ವಿಧಾನಸಭೆಯ 224 ಸ್ಥಾನಗಳಲ್ಲಿ ಮಹಿಳೆಯರು ಗೆದ್ದಿದ್ದು 10 ಮಾತ್ರ.

ಮತದಾನದ ಗೌಪ್ಯತೆ ಮತ್ತು ದೂರು ವ್ಯವಸ್ಥೆ

ಮನೆ ಬಾಗಿಲಲ್ಲಿ ನೀಡಿದ ಮಾತು, ಪಡೆದ ಉಡುಗೊರೆ ಅಥವಾ ಮಾಡಿದ ಆಣೆ ಯಾವುದೂ ಮತದಾರಳನ್ನು ಕಾನೂನುಬದ್ಧವಾಗಿ ಕಟ್ಟಿಹಾಕುವುದಿಲ್ಲ. ಮತಯಂತ್ರದ ಬಳಿ ಆಕೆ ಒಬ್ಬಳೇ ಇರಬೇಕು. ಅಂಧತ್ವ ಅಥವಾ ದೈಹಿಕ ದೌರ್ಬಲ್ಯದಿಂದ ಸ್ವತಃ ಮತ ಹಾಕಲಾಗದಿದ್ದರೆ ಮಾತ್ರ 18 ವರ್ಷ ತುಂಬಿದ ಸಹಾಯಕರೊಬ್ಬರನ್ನು ಕರೆದೊಯ್ಯಬಹುದು. ಒಬ್ಬ ವ್ಯಕ್ತಿ ಒಂದು ದಿನದಲ್ಲಿ ಒಬ್ಬರಿಗಿಂತ ಹೆಚ್ಚು ಮತದಾರರಿಗೆ ಸಹಾಯಕನಾಗುವಂತಿಲ್ಲ. ಅನಕ್ಷರತೆ ಇದಕ್ಕೆ ಕಾರಣವಾಗದು. ಆದ್ದರಿಂದ ಓದು ಬಾರದು ಎಂಬ ನೆಪದಲ್ಲಿ ಪತಿ ಅಥವಾ ಮಗ ಜೊತೆಗೆ ಹೋಗಲು ಅವಕಾಶವಿಲ್ಲ. ಮುಖ ಮರೆಸಿಕೊಳ್ಳುವ ಮಹಿಳೆಯರ ಗುರುತನ್ನು ಮಹಿಳಾ ಸಿಬ್ಬಂದಿಯೇ ಮರೆಯಲ್ಲಿ ಪರಿಶೀಲಿಸುವ ವ್ಯವಸ್ಥೆಯಿದೆ.

2023ರ ಚುನಾವಣೆಯಲ್ಲಿ 80 ವರ್ಷ ಮೀರಿದವರಿಗೆ ಮತ್ತು ಅಂಗವಿಕಲರಿಗೆ ಮನೆಯಿಂದಲೇ ಮತ ಹಾಕುವ ಆಯ್ಕೆ ನೀಡಲಾಯಿತು. 2024ರಲ್ಲಿ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತು. ಇಲ್ಲಿಯೂ ಮತದ ಗೌಪ್ಯತೆ ಕಾಪಾಡುವುದು ಮತಗಟ್ಟೆ ಸಿಬ್ಬಂದಿಯ ಹೊಣೆ.

ಆಮಿಷ ಅಥವಾ ಬೆದರಿಕೆಯ ಬಗ್ಗೆ 1950 ಸಹಾಯವಾಣಿಗೆ ಕರೆ ಮಾಡಬಹುದು. ‘ಸಿ-ವಿಜಿಲ್’ ಆ್ಯಪ್ ಮೂಲಕ ಛಾಯಾಚಿತ್ರ ಅಥವಾ ವಿಡಿಯೊ ಸಹಿತ ದೂರು ಸಲ್ಲಿಸಿದರೆ 100 ನಿಮಿಷಗಳೊಳಗೆ ಕ್ರಮ ಕೈಗೊಳ್ಳುವ ಗುರಿಯಿದೆ. ದೂರುದಾರರು ತಮ್ಮ ಹೆಸರನ್ನು ಬಹಿರಂಗಪಡಿಸದೆಯೂ ಈ ಆ್ಯಪ್ ಬಳಸಬಹುದು.