ಪಿಯಾನೋದಿಂದ ಬಲಿಪೀಠದ ಬಳಿಗೆ: ಸಂಗೀತಗಾರ ಫ್ರಾನ್ಸ್ ಲಿಸ್ಟ್



ದೇವರ ಕರೆ ಎಂದೊಡನೆ ನಮಗೆ ನೆನಪಾಗುವುದು ಗುರುಗಳು ಮತ್ತು ಕನ್ಯಾಸ್ತ್ರೀಯರು. ಎಳೆಯ ವಯಸ್ಸಿನಲ್ಲಿ ಕರೆ ಕೇಳಿಸುತ್ತದೆ, ಗುರುಮಠ ಸೇರುತ್ತಾರೆ, ದೀಕ್ಷೆ ಪಡೆಯುತ್ತಾರೆ ಎಂಬ ನೇರ ಹಾದಿಯೇ ನಮ್ಮ ಕಣ್ಣ ಮುಂದಿರುತ್ತದೆ. ಕೆಲವರ ಪಾಲಿಗೆ ಆ ಹಾದಿ ಬಲು ಸುತ್ತುಬಳಸಿನದು. ಹಂಗೇರಿಯ ಮಹಾನ್ ಸಂಗೀತಗಾರ ಫ್ರಾನ್ಸ್ ಲಿಸ್ಟ್ ನಡೆದದ್ದು ಅಂಥ ಹಾದಿಯಲ್ಲಿ.

ಲಿಸ್ಟ್ ಹುಟ್ಟಿದ್ದು 1811ರ ಅಕ್ಟೋಬರ್ 22ರಂದು, ಆಗ ಹಂಗೇರಿ ರಾಜ್ಯಕ್ಕೆ ಸೇರಿದ್ದ ರೈಡಿಂಗ್ ಎಂಬ ಹಳ್ಳಿಯಲ್ಲಿ. ಇಂದು ಆ ಊರು ಆಸ್ಟ್ರಿಯ ದೇಶದಲ್ಲಿದೆ. ತಂದೆ ಆಡಮ್ ಒಬ್ಬ ಶ್ರೀಮಂತ ಮನೆತನದ ಜಮೀನಿನಲ್ಲಿ ನೌಕರ. ಯೌವನದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಯಾಗಬೇಕೆಂದು ಮಠ ಸೇರಿ, ಅಲ್ಲಿಂದ ಹೊರಬಂದಿದ್ದವರು. ಮಗನಿಗೆ ಮೊದಲು ಪಿಯಾನೋ ಕಲಿಸಿದವರೂ ಅವರೇ. 1820ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಬಾಲಕ ನುಡಿಸಿದ್ದನ್ನು ಕೇಳಿದ ಹಂಗೇರಿಯ ಧನಿಕರು ಅವನ ಕಲಿಕೆಗೆ ಹಣ ಒದಗಿಸಲು ಮುಂದೆ ಬಂದರು. ವಿಯೆನ್ನಾದಲ್ಲಿ ಪಿಯಾನೋ ಕಲಿಸಿದ ಚೆರ್ನಿ ಅವನ ಪ್ರತಿಭೆಯನ್ನು ಕಂಡು ಶುಲ್ಕವನ್ನೇ ಬೇಡವೆಂದರು. ಆ ಉಪಕಾರ ವ್ಯರ್ಥವಾಗಲಿಲ್ಲ ಎಂಬುದನ್ನು ಮುಂದೆ ನೋಡುತ್ತೇವೆ.

1827ರಲ್ಲಿ, ಲಿಸ್ಟ್ ಹದಿನೈದರ ಹರೆಯದಲ್ಲಿದ್ದಾಗ, ತಂದೆ ತೀರಿಕೊಂಡರು. ಪ್ಯಾರಿಸ್ಸಿನಲ್ಲಿ ಪಿಯಾನೋ ಪಾಠ ಹೇಳಿ ತಾಯಿಯನ್ನು ಸಾಕುವ ಹೊಣೆ ಮಗನದಾಯಿತು. ಆ ದಿನಗಳಲ್ಲಿಯೇ ಗುರುವಾಗಬೇಕೆಂಬ ಹಂಬಲ ಅವರಲ್ಲಿ ಬಲವಾಯಿತು. ತಾಯಿಯೂ ಪಾಪನಿವೇದನೆ ಕೇಳುತ್ತಿದ್ದ ಗುರುವೂ ಬೇಡವೆಂದರು. ನಿನ್ನ ಕರೆ ಸಂಗೀತವೇ ಎಂಬುದು ಅವರ ಅಭಿಪ್ರಾಯ. ಲಿಸ್ಟ್ ಆ ಮಾತಿಗೆ ತಲೆಬಾಗಿದರು.

ಮುಂದಿನದು ಕೀರ್ತಿಯ ಕಾಲ. 1839ರಿಂದ 1847ರವರೆಗೆ ಅವರು ಯೂರೋಪಿನ ಉದ್ದಗಲಕ್ಕೂ ಸಂಚರಿಸಿದರು. ಅವರ ಕೈಗವಸಿಗಾಗಿ ಅಭಿಮಾನಿಗಳು ಕಿತ್ತಾಡಿದ್ದುಂಟು. ಆದರೆ ಕೀರ್ತಿಯ ನಡುವೆಯೂ ಕೈ ಬಿಗಿಹಿಡಿದವರಲ್ಲ. 1838ರಲ್ಲಿ ಡ್ಯಾನ್ಯೂಬ್ ನದಿ ಉಕ್ಕಿ ಪೆಸ್ಟ್ ನಗರ ಮುಳುಗಿದಾಗ ವಿಯೆನ್ನಾಕ್ಕೆ ಧಾವಿಸಿ, ಕಛೇರಿಗಳನ್ನು ನಡೆಸಿ ಸಂತ್ರಸ್ತರಿಗೆ ಹಣ ಕೂಡಿಸಿಕೊಟ್ಟರು. 1847ರಲ್ಲಿ, ಇನ್ನೂ ಮೂವತ್ತೈದರ ವಯಸ್ಸಿನಲ್ಲಿ, ಹಣಕ್ಕಾಗಿ ನುಡಿಸುವುದನ್ನೇ ನಿಲ್ಲಿಸಿದರು.

ಅವರ ಬಾಳು ಕಳಂಕವಿಲ್ಲದ್ದಾಗಿತ್ತು ಎಂದು ನಾವು ಹೇಳುತ್ತಿಲ್ಲ. ವಿವಾಹಿತೆಯಾಗಿದ್ದ ಮರೀ ದಾಗೂ ಎಂಬ ಶ್ರೀಮಂತ ಮಹಿಳೆಯೊಂದಿಗೆ ಬಾಳಿ ಅವರಿಗೆ ಮೂವರು ಮಕ್ಕಳಾದರು. ಆ ಸಂಬಂಧ ಮುರಿದ ಮೇಲೆ ಕ್ಯಾರೊಲಿನ್ ಎಂಬ ರಾಜಕುಮಾರಿಯನ್ನು ಮದುವೆಯಾಗಲು ವರ್ಷಗಟ್ಟಲೆ ಕಾದರು. ಆಕೆಯ ಮೊದಲ ಮದುವೆಯ ತೊಡಕು ಬಗೆಹರಿಯಲಿಲ್ಲ. 1861ರಲ್ಲಿ, ಲಿಸ್ಟ್ ಅವರ ಐವತ್ತನೆಯ ಹುಟ್ಟುಹಬ್ಬದಂದು, ರೋಮ್ ನಗರದಲ್ಲಿ ನಡೆಯಬೇಕಿದ್ದ ವಿವಾಹಕ್ಕೆ ಹಿಂದಿನ ದಿನ ತಡೆ ಬಂತು. ಮಗ ಡೇನಿಯಲ್ ಇಪ್ಪತ್ತರ ಹರೆಯದಲ್ಲಿ 1859ರಲ್ಲಿ ತೀರಿಕೊಂಡಿದ್ದ. 1862ರಲ್ಲಿ ಇಪ್ಪತ್ತಾರರ ಮಗಳು ಬ್ಲಾಂಡೀನ್ ಕೂಡ ಮರಣ ಹೊಂದಿದಳು.

ಎರಡು ಮಕ್ಕಳನ್ನು ಮಣ್ಣಿಗಿತ್ತ ತಂದೆಗೆ ಯಾವ ಚಪ್ಪಾಳೆ ಸಾಂತ್ವನ ನೀಡೀತು? 1863ರಲ್ಲಿ ಲಿಸ್ಟ್ ರೋಮಿನ ಹೊರವಲಯದ ಮೋಂಟೆ ಮಾರಿಯೋ ಗುಡ್ಡದಲ್ಲಿ, ಜಪಮಾಲೆ ಮಾತೆಯ ಹೆಸರಿನ ಮಠದಲ್ಲಿ ಬಿಡಾರ ಹೂಡಿದರು. ಪೋಪ್ ಒಂಬತ್ತನೆಯ ಪಿಯುಸ್ ಅಲ್ಲಿಗೇ ಬಂದು ಅವರ ಸಂಗೀತ ಆಲಿಸಿದರು. 1865ರ ಏಪ್ರಿಲ್ 25ರಂದು ಮುಡಿ ಕತ್ತರಿಸುವ ವಿಧಿ ನಡೆಯಿತು. ಜುಲೈ 30ರಂದು ದ್ವಾರಪಾಲಕ, ವಾಚಕ, ದೆವ್ವ ಬಿಡಿಸುವವ, ಪೀಠಸೇವಕ ಎಂಬ ನಾಲ್ಕು ಕಿರಿಯ ದೀಕ್ಷೆಗಳು ದೊರೆತವು. ಹುಡುಗನಾಗಿದ್ದಾಗ ಬಯಸಿದ ಬಲಿಪೀಠದ ಹತ್ತಿರಕ್ಕೆ ಅವರು ಬಂದಾಗ ವಯಸ್ಸು ಐವತ್ತಮೂರು.

ಇಲ್ಲೊಂದು ವಿಷಯ ಗಮನಿಸಬೇಕು. ಈ ದೀಕ್ಷೆಗಳು ಗುರುದೀಕ್ಷೆಯಲ್ಲ. ಕಪ್ಪು ನಿಲುವಂಗಿ ಧರಿಸಿದರೂ ಅವರು ಬಲಿಪೂಜೆ ಅರ್ಪಿಸುವಂತಿರಲಿಲ್ಲ, ಪಾಪನಿವೇದನೆ ಕೇಳುವಂತಿರಲಿಲ್ಲ. (ಪೋಪ್ ಆರನೆಯ ಪೌಲರು 1972ರಲ್ಲಿ ಈ ಕಿರಿಯ ದೀಕ್ಷೆಗಳ ಪದ್ಧತಿಯನ್ನು ಕೊನೆಗೊಳಿಸಿದರು.) ಇದೂ ಒಂದು ವೇಷವೆಂದು ಆಡಿಕೊಂಡವರು ಬಹಳ. ಲಿಸ್ಟ್ ತಮ್ಮ ಕೆಲಸದಿಂದ ಉತ್ತರ ಕೊಟ್ಟರು. ಸಂತ ಎಲಿಜಬೆತ್ತಳ ಕಥೆ, ಕ್ರಿಸ್ತನ ಜೀವನ, ಹಕ್ಕಿಗಳಿಗೆ ಬೋಧಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸ್ಸರು, ಇವೆಲ್ಲ ಅವರ ಕೈಯಲ್ಲಿ ಸಂಗೀತವಾದವು. 1875ರಲ್ಲಿ ಬುಡಾಪೆಸ್ಟ್ ಸಂಗೀತ ಅಕಾಡೆಮಿಯ ಅಧ್ಯಕ್ಷರಾದರು. ದೇಶದೇಶಗಳಿಂದ ಬಂದ ಶಿಷ್ಯರಿಗೆ ಶುಲ್ಕವಿಲ್ಲದೆ ಪಾಠ ಹೇಳಿದರು. ಚೆರ್ನಿಯಿಂದ ಉಚಿತವಾಗಿ ಪಡೆದದ್ದನ್ನು ಉಚಿತವಾಗಿಯೇ ಹಂಚಿದರು.

ಫಲ ಯಾವಾಗಲೂ ಕಣ್ಣಿಗೆ ಕಾಣಲಿಲ್ಲ. ಶಿಲುಬೆಯ ಹಾದಿಯ 14 ಸ್ಥಳಗಳಿಗೆ ಗಾಯನ ಮತ್ತು ಆರ್ಗನ್ನಿಗಾಗಿ ಬರೆದ ಕೃತಿಯನ್ನು ಅವರು 1879ರಲ್ಲಿ ಮುಗಿಸಿದರು. ಅದು ಅವರ ಜೀವಿತಕಾಲದಲ್ಲಿ ಅಚ್ಚಾಗಲೂ ಇಲ್ಲ, ಯಾರೂ ಹಾಡಲೂ ಇಲ್ಲ. 1886ರ ಜುಲೈ 31ರಂದು ಜರ್ಮನಿಯ ಬೈರೂತ್‌ನಲ್ಲಿ ಅವರು ಕಣ್ಣುಮುಚ್ಚಿದರು. ಆ ಕೃತಿ ಮೊದಲು ಕೇಳಿಬಂದದ್ದು 1929ರ ಶುಭ ಶುಕ್ರವಾರದಂದು, ಬುಡಾಪೆಸ್ಟಿನಲ್ಲಿ.

1867ರಲ್ಲಿ ಬುಡಾ ನಗರದಲ್ಲಿ ಹಂಗೇರಿಯ ಅರಸನಿಗೆ ಪಟ್ಟಾಭಿಷೇಕವಾದಾಗ ಬಲಿಪೂಜೆಯ ಸಂಗೀತ ಲಿಸ್ಟ್ ಅವರದೇ. ಆದರೆ ಗಾನವೃಂದವನ್ನು ನಡೆಸುವ ಅವಕಾಶ ಅವರಿಗೆ ಸಿಗಲಿಲ್ಲ. ದೇವಾಲಯದ ಮೇಲಂತಸ್ತಿನಲ್ಲಿ ಕುಳಿತು ಕೇಳಿದರು. ಪ್ರಿಯರೇ, ನಮ್ಮಲ್ಲೂ ಬಯಸಿದ ಸ್ಥಾನ ಸಿಗದವರಿದ್ದೇವೆ, ಹಿಂದಿನ ತಪ್ಪುಗಳಿಂದಾಗಿ ಇನ್ನು ನಾನು ಯಾವುದಕ್ಕೂ ಯೋಗ್ಯನಲ್ಲ ಎಂದುಕೊಂಡವರಿದ್ದೇವೆ. ದೇವರು ಕೊಟ್ಟ ವರವನ್ನು ಅವರಿಗೇ ಹಿಂದಿರುಗಿಸಲು ಐವತ್ತಮೂರು ತಡವಾದ ವಯಸ್ಸಲ್ಲ, ಮೇಲಂತಸ್ತಿನ ಮೂಲೆ ಕೀಳಾದ ಜಾಗವೂ ಅಲ್ಲ. ನಮ್ಮ ಮಕ್ಕಳ ದನಿಯನ್ನೂ ಬೆರಳುಗಳನ್ನೂ ಹರಸಿ, ನಮ್ಮ ಗಾನವೃಂದಗಳನ್ನು ಪ್ರೀತಿಯಿಂದ ಬೆಳೆಸುವ ಕೃಪೆಯನ್ನು ಪ್ರಭು ನಮಗೆ ದಯಪಾಲಿಸಲಿ.